ಸಂತನ ಪಾದದ ಮೊಳೆ

ಬಾಗಿಲಲ್ಲಿ ನಿಂತ ಮೈದುನನ ಮುಖ ನೋಡಿ ಕಟೆಲ್‌ಗೆ ಒಳಗೊಳಗೇ ಸಮಾಧಾನವಾಯಿತು. ಈಸ್ಟರ್ ಹಬ್ಬದಲ್ಲಿ ಹೋರಿಯಂತಿದ್ದ ರಿವಾಲ್‌ನ ಕೆನ್ನೆಗಳು ಈಗ ಗುಳಿಬಿದ್ದಿದ್ದವು.

ಒಣಗುತ್ತಿದ್ದಾನೆ.

"ಪ್ರಾರ್ಥನಾಮಂದಿರದ ಬೀಗದಕೈ ಬೇಕಿತ್ತು ಅತ್ತಿಗೆ."

"ನಿಂಗಾ? ಪಾದ್ರಿ ಕಂಡ್ರೆ ಬೇಲಿ ಹಾರೋನು, ಈಗ ಸಂತ ನೆನಪಾದ್ನಾ?"

"ಇವತ್ತು ಅಣ್ಣ ಹೋಗಿ ವರ್ಷ. ನೀನೂ ಸೊರಗಿದ್ದೀಯ."

"ಮೊದ್ಲು ಹೋಗಿ ಕನ್ನಡಿ ನೋಡ್ಕೋ."

ಬೀಗದಕೈಯನ್ನು ಅವಳು ಯಾರ ಕೈಗೂ ಕೊಡುತ್ತಿರಲಿಲ್ಲ. ತಾನೇ ಜೊತೆಗೆ ಹೊರಟಳು. ಏರಿನಲ್ಲಿ ಎರಡು ಸಲ ನಿಂತಳು. ಹಾಳು ಬಿಸಿಲು. ಪಕ್ಕದಲ್ಲೇ ಆ ಹುಲ್ಲುಗಾವಲು. ಗಂಡ ಜೋಬ್‌ನನ್ನು ಮಣ್ಣುಮಾಡಿ ಬಂದು ನೋಡಿದರೆ, ಗಡಿಕಲ್ಲು ಅವಳತ್ತ ಸರಿದು, ನೀರಿನ ಒರತೆ ರಿವಾಲ್‌ನ ಪಾಲಾಗಿತ್ತು.

ಬಾಗಿಲು ತೆರೆಯುವ ಮೊದಲು, ಈಚೆಗೆ ಸಡಿಲವಾಗಿದ್ದ ಮದುವೆಯ ಉಂಗುರಕ್ಕೆ ಸುತ್ತಿದ್ದ ದಾರವನ್ನು ಬಿಗಿಮಾಡಿಕೊಂಡಳು.

ಒಳಗೆ ತಣ್ಣಗಿನ ಕತ್ತಲು. ಜೇಡರ ಬಲೆ ತೆಗೆಯಲೂ ಸರ್ಕಾರದ ಅಪ್ಪಣೆ ಬೇಕಾದ ಸಂರಕ್ಷಿತ ಕಟ್ಟಡ. ಮರದ ಸಂತನ ಪಾದದ ತುಂಬ ತುಕ್ಕು ಹಿಡಿದ ಮೊಳೆಗಳು; ನಡುವೆ ಹೊಳೆಯುವ ಒಂದು. ಈಸ್ಟರ್ ಮುಗಿದ ಮರುದಿನ ಅದನ್ನು ಹೊಡೆದವಳು ಕಟೆಲ್. ಅಜ್ಜಿಯರ ಕಾಲದ ಶಾಪದ ಮಾತನ್ನೇ ಹೇಳಿದ್ದಳು: ನಮ್ಮಿಬ್ಬರಲ್ಲಿ ತಪ್ಪು ಯಾರದೋ ಅವರು ವರ್ಷದೊಳಗೆ ಒಣಗಿಹೋಗಲಿ.

ಹೊಡೆದ ಕೈಯೇ ಕಿತ್ತರೆ ಮಾತ್ರ ಆ ಮಾತು ಅಳಿಯುತ್ತದೆ. ಕಳೆದ ವಾರ ಪ್ಯಾರಿಸ್ಸಿನಿಂದ ಸರ್ಕಾರದವರು ಬಂದು ಸಂತನ ಸುತ್ತ ದಪ್ಪ ಗಾಜು ನಿಲ್ಲಿಸಿ, ಅದರ ಬೀಗದಕೈ ಒಯ್ದಿದ್ದರು. ಒಳ್ಳೆಯದೇ ಆಯಿತು. ಇನ್ನು ತನ್ನ ಮನಸ್ಸು ಕರಗಿದರೂ ಕೈ ಹೋಗದು.

ರಿವಾಲ್ ಮಂಡಿಯೂರಿ ಎದ್ದ. ಜೇಬಿನಿಂದ ಸೇಬು ತೆಗೆದು ಕಚ್ಚಿದ. ಕರುಂ!

ಕಟೆಲ್ ಬೆಚ್ಚಿದಳು.

"ಹೊಸ ಹಲ್ಲು ಅತ್ತಿಗೆ! ಹಳೇವು ಅಷ್ಟೂ ಕೀಳಿಸಿ, ಇಷ್ಟು ದಿನ ಬರೀ ಸೂಪು ಕುಡ್ದು ಸತ್ತೆ. ನಿನ್ನೆ ಸೆಟ್ಟು ಬಂತು." ಬಾಯಿ ಒರೆಸಿಕೊಂಡು ಅವನು ದನಿ ತಗ್ಗಿಸಿದ. "ಇನ್ನೊಂದು ಮಾತು. ವರ್ಷ ತುಂಬೋವರ್ಗೂ ಹೇಳಲ್ಲ ಅಂತ ಅಣ್ಣಂಗೆ ಮಾತು ಕೊಟ್ಟಿದ್ದೆ. ಆ ಗಡಿಕಲ್ಲು... ಹಿಂದೆ ಕದ್ದು ನನ್ ಕಡೆ ಒತ್ತಿದ್ದು ಅವ್ನೇ. ಸಾಯೋ ಮುಂಚೆ ಅಪ್ಪ ನೆಟ್ಟ ಜಾಗಕ್ಕೆ ವಾಪಸ್ ಇಟ್ಟಿದ್ದೂ ಅವ್ನೇ. ಹೆಂಡ್ತಿ ಬಾಯಲ್ಲಿ ಕಳ್ಳ ಅನ್ನಿಸ್ಕೊಳಕ್ಕೆ ನಾಚಿಕೆ ಅಂದ."

ಕಟೆಲ್ ಮೊಳೆಯತ್ತ ಕೈ ಚಾಚಿದಳು. ಬೆರಳು ಗಾಜಿಗೆ ಬಡಿಯಿತು.

ದಾರದ ಸಮೇತ ಉಂಗುರ ಕಳಚಿ, ಕಲ್ಲುನೆಲದ ಮೇಲೆ ಉರುಳುತ್ತ ಹೋಯಿತು.