ನಲವತ್ತಮೂರನೇ ಕೇಸು

"ಇವತ್ತಿನಿಂದ ಪ್ಲಾಸ್ಟರ್ ಬಸವಕುಮಾರ ಹಾಕ್ತಾನ. ನೀ ಬಾಗಲದಾಗ ಕುಂತು ಚೀಟಿ ಬರಿ," ಎಂದರು ಎಲುಬಿನ ಡಾಕ್ಟರ್ ನೀಲಕಂಠ. ಸುರಪುರದ ಆ ದವಾಖಾನೆಯಲ್ಲಿ ಹತ್ತೊಂಬತ್ತು ವರ್ಷ ಮುರಿದ ಕೈಕಾಲು ಕಟ್ಟಿದ ಕುಬ್ರಾಬೇಗಂ ಪ್ಲಾಸ್ಟರಿನ ಒದ್ದೆ ಬಟ್ಟೆಯನ್ನು ಬಕೆಟ್ಟಿಗೇ ಬಿಟ್ಟಳು.

"ನನ್ನ ಕೈಯಾಗ ಏನ್ ತಪ್ಪಾತ್ರಿ, ಡಾಕ್ಟರ್ ಸಾಬ್?"

"ತಪ್ಪಲ್ಲ, ಸರ್ಟಿಫಿಕೇಟ್ ಇಲ್ಲ. ನೋಡಲ್ಲಿ."

ಗೋಡೆಯ ಮೇಲೆ ಗಾಜು ಹಾಕಿಸಿದ ಕಾಗದ: ಬಸವಕುಮಾರ, ಎಲುಬು ವಿಭಾಗದ ಪ್ರಮಾಣಿತ ವೈದ್ಯ ಸಹಾಯಕ. ಡಾಕ್ಟರರ ಹೆಂಡತಿಯ ತಮ್ಮ. ಆಹಾ, ಎಂಥ ಸಹಾಯಕ! ಪ್ಲಾಸ್ಟರಿನ ಪುಡಿ ಅಂಗಿಗೆ ಹತ್ತೀತೆಂದು ಮಾರು ದೂರ ನಿಲ್ಲುವ ಮಹಾರಾಯ. ರೋಗಿ 'ಯವ್ವಾ' ಎಂದರೆ ಮೊದಲು ಕಣ್ಣು ಮುಚ್ಚುವವನು ಇವನೇ.

"ಪುಕ್ಕಟೆ ಕೊಟ್ಟಿಲ್ಲಕ್ಕ. ಸ್ವಂತ ಕೈಲೆ ನೂರು ಕೇಸ್ ಮಾಡಿ ಪರೀಕ್ಷಾ ಮಂಡಳಿಗೆ ಯಾದಿ ಕಳಿಸೀನಿ," ಎಂದು ಬಸವಕುಮಾರ ಮೇಜಿನ ಮೇಲಿನ ಫೈಲು ತಟ್ಟಿದ. ಡಾಕ್ಟರು ಅದನ್ನು ಅವಳತ್ತ ಸರಿಸಿ, "ಓದು, ಸ್ವಲ್ಪ ಕಲಿ," ಎಂದರು.

ಎರಡು ಹಾಳೆ ತಿರುವುವಷ್ಟರಲ್ಲಿ ಕುಬ್ರಾಬೇಗಂಗೆ ಮೈಯೆಲ್ಲ ಉರಿದುಹೋಯಿತು. ಎಲ್ಲ ಅವಳದೇ ರೋಗಿಗಳು! ಯಾವ ಪ್ಲಾಸ್ಟರ್ ಯಾವಾಗ ಬಿಚ್ಚಬೇಕೆಂದು ಅವಳು ಒಂದೊಂದನ್ನೂ ವಹಿಯಲ್ಲಿ ಬರೆದಿಡುತ್ತಿದ್ದಳು. "ಎರಡು ದಿನ ಕೊಡಕ್ಕ, ನೋಡಿ ಕಲೀತೀನಿ" ಎಂದು ಇವನೇ ಆ ವಹಿ ಒಯ್ದಿದ್ದ. ಕದಿಯುವವನು ಕಣ್ಣು ತೆರೆದಾದರೂ ಕದಿಯಬಾರದೇ? ನಲವತ್ತಮೂರನೇ ಸಾಲಿಗೆ ಬಂದಾಗ ಸಿಟ್ಟಿನಲ್ಲೂ ಅವಳಿಗೆ ನಗು ಬಂತು. ಠಸ್ಸೆ ಹೊಡೆದ ಪರೀಕ್ಷಕ ಮಹಾಶಯರಿಗೂ ಕಣ್ಣಿರಲಿಲ್ಲ.

ಬೆಂಚಿನ ಮೇಲೆ ಕಕ್ಕೇರಾದ ಅಂಬ್ರಪ್ಪ, ಮುಂಗೈ ಬಾತಿದ್ದ ತಾಯಿ ಸೂಗಮ್ಮನನ್ನು ಕರೆತಂದು ಕುಳಿತಿದ್ದ. ಅವನಿಗೂ ಕೇಳಿಸಲೆಂದು ಅವಳು ಜೋರಾಗಿಯೇ ಓದಿದಳು: "ರಾಣಿ, ಕಕ್ಕೇರಾ, ವಯಸ್ಸು ಎರಡು. ಬಲಗಡೆ ಹಿಂಗಾಲು ಮುರಿತ. ಏನಪಾ ಬಸವಕುಮಾರ, ಮನಷ್ಯಾಗ ಹಿಂಗಾಲು ಎಲ್ಲಿರ್ತದೋ?"

"ಯಪ್ಪಾ, ಅದು ನಮ್ಮ ಆಡು!" ಅಂಬ್ರಪ್ಪ ಎದ್ದೇ ನಿಂತ. "ದವಾಖಾನಿ ಹಿತ್ತಲದಾಗ ನೀವ ಕಟ್ಟಿದ್ರಲ್ಲ, ಅಕ್ಕ!"

ಬಸವಕುಮಾರ ಫೈಲು ಮುಚ್ಚಲು ಕೈ ಹಾಕಿದ; ಕುಬ್ರಾಬೇಗಂ ಅದನ್ನು ಡಾಕ್ಟರರತ್ತ ತಿರುಗಿಸಿದಳು.

"ಕೆಳಗ ನಿಮ್ಮ ಸಹಿ ಅದರಿ, ಡಾಕ್ಟರ್ ಸಾಬ್. ಓದಿ ಹಾಕೀರೇನ್ರಿ, ಕಣ್ಣು ಮುಚ್ಚಿ ಹಾಕೀರೇನ್ರಿ?"

ಡಾಕ್ಟರು ಫೈಲು ಕಸಿದುಕೊಂಡರು. "ಆತಾತು, ಸಾಕು. ಬಸವಕುಮಾರ, ಆ ಮುದುಕಿ ಕೈ ನೋಡು."

ಅಂಬ್ರಪ್ಪ ತಾಯಿಯನ್ನು ಎಬ್ಬಿಸಿದ. ಬಸವಕುಮಾರ ಚಾಚಿದ ಕೈಯನ್ನು ದಾಟಿಸಿ ಕರೆದೊಯ್ದು ಕುಬ್ರಾಬೇಗಂ ಮುಂದೆ ಕೂರಿಸಿದ.

"ನಮ್ಮ ರಾಣಿ ಈಗ ಬೇಲಿ ಜಿಗೀತಾಳ್ರಿ. ಆಕಿನ್ನ ನಿಲ್ಸಿದ ಕೈಯೇ ನಮ್ಮವ್ವಗೂ ಪ್ಲಾಸ್ಟರ್ ಹಾಕ್ಲಿ."