ಮೊದಲ ಆಯ್ಕೆ

ಸೀಟು ಹಂಚಿಕೆಯ ಸಹಾಯ ಕೇಂದ್ರದಲ್ಲಿ ಅಪ್ಪನ ದನಿ ಹೊರಗಿನ ಸಾಲಿಗೂ ಕೇಳುತ್ತಿತ್ತು.

"ಇವಳ ರ‍್ಯಾಂಕು ಒಂಬೈನೂರು. ನಾಲ್ಕು ಸಾವಿರದವನಿಗೆ ಬೆಂಗಳೂರಿನ ದೊಡ್ಡ ಕಾಲೇಜು, ಇವಳಿಗೆ ನಮ್ಮನೆ ಹಿಂದಿನ ಕಾಲೇಜಾ? ಇಡೀ ಬೀದಿಗೆ ಪೇಡ ಹಂಚಿದೀನಿ. ಈಗ ಯಾವ ಮುಖ ಇಟ್ಕೊಂಡು ತಿರುಗಾಡ್ಲಿ? ಯಾರಿಗೆ ಮಾರ್ಕೊಂಡ್ರಿ ನನ್ನ ಮಗಳ ಸೀಟನ್ನ?"

ಹಿಂದಿನ ಬೆಂಚಿನಲ್ಲಿ ಮಗಳ ಪಕ್ಕ ಅಮ್ಮ ಸೆರಗನ್ನು ಮುಂಗೈವರೆಗೂ ಎಳೆದುಕೊಂಡು ಕೂತಿದ್ದಳು. "ಸಾಕು ಬನ್ನಿ, ಮನೆಗೆ ಹೋಗೋಣ" ಎಂದಳು. ಅಪ್ಪ ಒಮ್ಮೆ ತಿರುಗಿ ನೋಡಿದ. ಅವಳು ಬೆಂಚಿನಲ್ಲಿ ಹಿಂದಕ್ಕೆ ಸರಿದು ಕೂತಳು.

ಕೌಂಟರಿನ ಹೆಂಗಸು ಕಂಪ್ಯೂಟರನ್ನು ಅವನತ್ತ ತಿರುಗಿಸಿದಳು. "ಯಾರೂ ಮಾರಿಲ್ಲ ಸರ್. ನೀವು ಮೊದಲು ಕೇಳಿದ್ದೇ ಸಿಕ್ಕಿದೆ. ನೋಡಿ, ಒಂದನೇ ಆಪ್ಷನ್ನೇ ನಿಮ್ಮೂರಿನ ಕಾಲೇಜು."

"ಸುಳ್ಳು! ನಾನೇ ಪಕ್ಕದಲ್ಲಿ ಕೂತು ತುಂಬಿಸಿದ್ದು. ಬೆಂಗಳೂರಿನದೇ ಮೊದಲಿತ್ತು."

"ಇತ್ತು. ಕೊನೇ ದಿನ ಸಾಯಂಕಾಲ ಯಾರೋ ಲಾಗಿನ್ ಆಗಿ, ಕೆಳಗಿದ್ದದ್ದನ್ನ ಮೇಲಕ್ಕೆ ತಂದಿದಾರೆ."

"ಯಾವ ಬೇವರ್ಸಿ ಅವನು? ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ!"

"ನಾನೇ ಅಪ್ಪ" ಎಂದಳು ಮಗಳು, ಎದ್ದು ನಿಂತು.

ಮೇಜು ಗುದ್ದಲು ಎತ್ತಿದ್ದ ಅಪ್ಪನ ಕೈ ಹಾಗೇ ನಿಂತಿತು. ಸುತ್ತಲಿದ್ದವರೆಲ್ಲ ನೋಡುತ್ತಿದ್ದರು. ಅವನು ದನಿ ತಗ್ಗಿಸಿ, ಮುದ್ದು ಮಾಡುವವನಂತೆ ಕೇಳಿದ:

"ಯಾಕೆ ಪುಟ್ಟಿ? ಹಾಸ್ಟೆಲ್ ಅಂದ್ರೆ ಭಯ ಆಯ್ತಾ?"

"ಇಲ್ಲಪ್ಪ. ನಾನು ಹಾಸ್ಟೆಲಿಗೆ ಹೋದ್ರೆ, ನೀವು ಅಮ್ಮಂಗೆ ಹೊಡೆಯೋವಾಗ ಮಧ್ಯೆ ಬರೋರು ಯಾರು?"