ಕೂಲರ್ ಮತ್ತು ಹಿತ್ತಿಲ ಕಿಟಕಿ

ನೆನೆದ ಲಾವಂಚದ ವಾಸನೆ ಬಂದರೆ ಈಗಲೂ ಚಾಮರಾಜಪೇಟೆಯ ಆ ಮಧ್ಯಾಹ್ನ ನನ್ನೆದುರು ನಿಲ್ಲುತ್ತದೆ.

ಬೇಸಿಗೆಯ ಒಣ ಧಗೆಗೆಂದು ನಡುಮನೆಗೆ ಲಾವಂಚದ ಪರದೆಯ ಹೊಸ ಕೂಲರ್ ಬಂದಿತ್ತು. ಅಜ್ಜಿಯೂ ನಾನೂ ಅದರ ಮುಂದೆ ಕುಳಿತಿದ್ದೆವು. ಮುಟ್ಟಾದ ಅಮ್ಮ ಜ್ವರವಿದ್ದರೂ ಕಟ್ಟಳೆಯಂತೆ ಮೂರು ದಿನ ಹೊರಗೆ, ಹಿತ್ತಿಲಿನ ತಗಡಿನ ಮಾಡಿನಡಿ ಮಲಗಬೇಕಿತ್ತು. ಅದು ಅನ್ಯಾಯ, ಪದ್ಧತಿ ಎಂದು ಕರೆದರೂ ಅನ್ಯಾಯವೇ.

"ಒಂದು ಕಿಟಕಿ ತೆಗ್ದಿಡಿ ಅಜ್ಜೀ, ಇಲ್ಲಾಂದ್ರೆ ಮೈಯೆಲ್ಲ ಅಂಟಂಟಾಗುತ್ತೆ" ಎಂದು ಕೂಲರ್ ಅಂಗಡಿಯವನು ಹೇಳಿ ಹೋಗಿದ್ದ. ನಾನು ಹಿತ್ತಿಲ ಕಿಟಕಿ ತೆರೆದೆ. ತಂಪು ಗಾಳಿ ಅಮ್ಮನತ್ತ ಹರಿಯಿತು. ಅವಳು ಕಣ್ಣುಮುಚ್ಚಿ ಮುಖವೊಡ್ಡಿದಳು.

"ಮುಚ್ಚೇ ಅದನ್ನ! ಮೈಲಿಗೆ ಗಾಳಿ ಒಳಗೆ ಬರುತ್ತೆ" ಎಂದರು ಅಜ್ಜಿ.

"ಗಾಳಿ ಹೊರಗೆ ಹೋಗ್ತಿದೆ ಅಜ್ಜಿ, ಒಳಗೆ ಬರ್ತಿಲ್ಲ."

"ಸ್ಕೂಲಲ್ಲಿ ಎದುರು ಮಾತಾಡೋದನ್ನೇ ಕಲಿಸ್ತಾರೇನೆ?"

ನಾನು ಕದಲಲಿಲ್ಲ. ಅಮ್ಮನೇ ಎದ್ದು ಕಿಟಕಿಯ ಹೊರಗೆ ಬಂದು ನಿಂತಳು.

"ಬಿಡು ಪುಟ್ಟಿ, ನಂಗೇನೂ ಸೆಕೆ ಇಲ್ಲ."

ತನ್ನ ಮನೆಯ ಕಿಟಕಿಯನ್ನೂ ಮುಟ್ಟಬಾರದೆಂದು, ಬಟ್ಟೆ ಒಣಹಾಕುವ ಕೋಲಿನಿಂದ ಕದವನ್ನು ತಳ್ಳಿದಳು. ಅವಳ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

"ಚಿಲಕ ಹಾಕು" ಎಂದರು ಅಜ್ಜಿ.

ನಾನು ಹಾಕಿದೆ.